ಅಳೆಯದ ಖಾನೆ

2024 ಮಾರ್ಚ್ 12, ಮಂಗಳವಾರ, ಸಂಜೆ ನಾಲ್ಕು ಗಂಟೆ ನಲವತ್ತೊಂದು ನಿಮಿಷಕ್ಕೆ ನಾನು ಒಂದು ಸುಳ್ಳು ಬರೆದೆ. ಬರೆದೆ ಎನ್ನುವುದು ಪೂರ್ತಿ ಸರಿಯಲ್ಲ. ಕಂಪ್ಯೂಟರ್ ಪರದೆಯ ಮೇಲಿನ ಒಂದು ಸಣ್ಣ ಚೌಕಕ್ಕೆ ಟಿಕ್ ಹಾಕಿದೆ. ಚೌಕದ ಪಕ್ಕದಲ್ಲಿದ್ದ ವಾಕ್ಯ ಇದು: ‘ಕಾಂತ ಪರೀಕ್ಷೆ ಮಾಡಲಾಗಿದೆ, ಕಾಂತತ್ವ ಕಂಡುಬಂದಿಲ್ಲ.’ ಆ ಪರೀಕ್ಷೆಯನ್ನು ನಾನು ಮಾಡಿರಲಿಲ್ಲ. ಹೊತ್ತು ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದಕ್ಕೆ ನನ್ನ ಜ್ಞಾಪಕಶಕ್ತಿ ಕಾರಣವಲ್ಲ. ಟಿಕ್ ಬಿದ್ದ ನಿಮಿಷವನ್ನು ಆ ಫಾರಂ ತಾನೇ ದಾಖಲು ಮಾಡಿಕೊಳ್ಳುತ್ತದೆ.

ನಮ್ಮದು ಕೈಗಡಿಯಾರ ಮಾಡುವ ಮನೆತನ. ಕಾರ್ಖಾನೆ ಎಂದರೆ ದೊಡ್ಡ ಮಾತಾದೀತು. ಎರಡು ಅಂತಸ್ತಿನ ಹಳೆಯ ಕಟ್ಟಡ, ಮೇಲಂತಸ್ತಿನಲ್ಲಿ ಉತ್ತರಕ್ಕೆ ಏಳು ಕಿಟಕಿ, ಕಿಟಕಿಗೊಂದು ಮೇಜು. ತಾತ ಶುರು ಮಾಡಿದ್ದು. ವರ್ಷಕ್ಕೆ ಮುನ್ನೂರು ಗಡಿಯಾರ ಹೊರಗೆ ಹೋದರೆ ಆ ವರ್ಷ ಚೆನ್ನಾಗಿತ್ತು ಎಂದು ಅರ್ಥ. ಅಪ್ಪ ಹೊರಗಿನ ವ್ಯವಹಾರ ನೋಡಿಕೊಳ್ಳುತ್ತಿದ್ದ. ಅಪ್ಪನ ಅಣ್ಣ, ಎಂದರೆ ನನ್ನ ದೊಡ್ಡಪ್ಪ, ಮೂರನೇ ಕಿಟಕಿಯ ಮೇಜಿಗೆ ಕೂತು ನಲವತ್ತನಾಲ್ಕು ವರ್ಷವಾಗಿತ್ತು. ಬೇರೆಯವರು ಜೋಡಿಸಿದ ಗಡಿಯಾರಗಳೂ ಕೊನೆಗೆ ಅವರ ಮೇಜಿಗೇ ಬರುತ್ತಿದ್ದವು. ಓಡುತ್ತಿರುವುದನ್ನು ಸರಿಯಾಗಿ ಓಡುವಂತೆ ಮಾಡುವುದು ಅವರ ಕೆಲಸ.

ನಾನು ಭೌತಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಹದಿನೇಳು ವರ್ಷದ ಹಿಂದೆ ಇಲ್ಲಿ ಸೇರಿದೆ. ನನ್ನದು ಅಳತೆಯ ಕೆಲಸ. ಸಿದ್ಧವಾದ ಗಡಿಯಾರವನ್ನು ಹದಿನಾಲ್ಕು ದಿನ ನನ್ನ ಕಪಾಟಿನಲ್ಲಿಟ್ಟು, ಒಮ್ಮೆ ಮುಖ ಮೇಲೆ, ಒಮ್ಮೆ ಮುಖ ಕೆಳಗೆ, ಒಮ್ಮೆ ನಿಲ್ಲಿಸಿ, ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಎಂದು ಪುಸ್ತಕದಲ್ಲಿ ಬರೆಯಬೇಕು. ನಾಲ್ಕು ಸೆಕೆಂಡಿನೊಳಗೆ ಇದ್ದರೆ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಮತ್ತೆ ಮೂರನೇ ಕಿಟಕಿಗೆ.

ಸೇರಿದ ಎರಡನೇ ವಾರ ನನಗೆ ಜ್ವರ ಬಂದು ಒಂದು ದಿನ ತಪ್ಪಿತು. ಬಂದ ಮೇಲೆ ಆ ದಿನದ ಖಾನೆಗಳನ್ನೂ ತುಂಬಿಸಿದೆ. ದೊಡ್ಡಪ್ಪ ಪುಸ್ತಕ ನೋಡಿ ಕೇಳಿದರು, “ಗುರುವಾರ ನೀನು ಮನೇಲಿದ್ದೆಯಲ್ಲ, ಈ ನಾಲ್ಕು ಎಲ್ಲಿಂದ ಬಂತು?”

“ಬುಧವಾರ ಮೂರು, ಶುಕ್ರವಾರ ಐದು. ನಡುವೆ ನಾಲ್ಕೇ ಇರಬೇಕಲ್ವಾ ದೊಡ್ಡಪ್ಪ?”

“ಇರಬಹುದು. ನೀನು ನೋಡಿದೆಯಾ?”

“ಇಲ್ಲ.”

“ಹಾಗಾದ್ರೆ ಅಡ್ಡಗೆರೆ ಎಳಿ, ಸೈಂಟಿಸ್ಟೇ. ಗೆರೆ ಎಳೆದ್ರೆ ಯಾರೂ ಬೈಯಲ್ಲ.”

ಅಳೆಯದ ಖಾನೆಗೆ ಅಡ್ಡಗೆರೆ. ಇದು ತಾತನ ಕಾಲದಿಂದ ಬಂದ ಪದ್ಧತಿ. ಹಳೆಯ ಪುಸ್ತಕಗಳ ತುಂಬಾ ಇಂಥ ಗೆರೆಗಳಿವೆ. ಅಪ್ಪ ಹುಟ್ಟಿದ ದಿನ ಇಡೀ ಸಾಲಿಗೆ ಗೆರೆ. ಅತ್ತೆಯ ಮದುವೆಗೆ ಮೂರು ಸಾಲು. ಅಜ್ಜಿ ಆಸ್ಪತ್ರೆಯಲ್ಲಿದ್ದ ತಿಂಗಳು ಪುಟವೇ ಗೆರೆಗೆರೆ. ನಮ್ಮ ಮನೆತನದ ಚರಿತ್ರೆ ಯಾರಿಗಾದರೂ ಬೇಕಿದ್ದರೆ ಅಂಕಿಗಳನ್ನು ಬಿಟ್ಟು ಆ ಗೆರೆಗಳನ್ನು ಓದಿಕೊಂಡರೆ ಸಾಕು.

ಇನ್ನೊಂದು ಪದ್ಧತಿಯೂ ಇತ್ತು. ಪ್ರತಿ ಅಳತೆಯನ್ನು ಇಬ್ಬರು ನೋಡಬೇಕು, ಒಬ್ಬರು ನೋಡಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು, ಎರಡೂ ಒಂದೇ ಆದರೆ ಬರೆಯಬೇಕು. ನಾನು ಸೇರಿದ ಮೂರನೇ ವರ್ಷ ದೊಡ್ಡಪ್ಪ ಅದನ್ನು ನಿಲ್ಲಿಸಿದರು. “ಇವಳ ಕಣ್ಣು ಒಂದೇ ಸಾಕು,” ಎಂದರು, ಎಲ್ಲರೆದುರಿಗೆ. ನನ್ನ ಡಿಗ್ರಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದು ಅಪ್ಪ. ನಾನು ಮನಸ್ಸಿನಲ್ಲಿ ಕಟ್ಟು ಹಾಕಿಸಿ ಇಟ್ಟುಕೊಂಡದ್ದು ಈ ಮಾತಿಗೆ.

ಗಡಿಯಾರದೊಳಗೆ ಕೂದಲಿಗಿಂತ ತೆಳ್ಳಗಿನ ಒಂದು ಸುರುಳಿ ಇರುತ್ತದೆ, ಹೇರ್‌ಸ್ಪ್ರಿಂಗ್. ಅದು ಹಿಗ್ಗಿ ಕುಗ್ಗುವುದೇ ಗಡಿಯಾರದ ಉಸಿರು. ಅದನ್ನು ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ನಮಗೆ ಕೊಡುತ್ತಿದ್ದ ಕಾರ್ಖಾನೆಯನ್ನು ಐಷಾರಾಮಿ ವಸ್ತುಗಳ ಒಂದು ದೊಡ್ಡ ಗ್ರೂಪು ಕೊಂಡುಕೊಂಡಿತು. ಅವರ ಬಳಿ ಕೈಚೀಲ, ಅತ್ತರು, ವಜ್ರ, ಹಡಗು ಎಲ್ಲವೂ ಇತ್ತು. ಆಮೇಲೆ ನಮ್ಮ ಆರ್ಡರುಗಳಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬರತೊಡಗಿತು. ಹದಿನಾಲ್ಕು ತಿಂಗಳು ಪರಿಶೀಲನೆಯಲ್ಲೇ ಇತ್ತು. ಕೊನೆಗೆ ಅವರು ನಮ್ಮನ್ನೇ ಕೊಂಡುಕೊಂಡರು. ಸ್ಪ್ರಿಂಗು ಮರುವಾರವೇ ಬಂತು.

ಅಪ್ಪ, ದೊಡ್ಡಪ್ಪ ಇಬ್ಬರೂ ಸಹಿ ಹಾಕಿದರು. ಯಾರೂ ಅಳಲಿಲ್ಲ, ಜಗಳವೂ ಆಗಲಿಲ್ಲ. ನಾನಂತೂ ಒಳಗೊಳಗೇ ಖುಷಿಪಟ್ಟೆ. ನನಗೆ ‘ಗುಣಮಟ್ಟ ವಿಭಾಗದ ಮುಖ್ಯಸ್ಥೆ’ ಎಂಬ ಹುದ್ದೆ ಬಂತು, ಅಳತೆಯ ಹೊಸ ಯಂತ್ರ ಬಂತು, ಗಾಜಿನ ಬಾಗಿಲಿನ ಕೋಣೆ ಬಂತು.

ಗ್ರೂಪಿನಿಂದ ಗುಣಮಟ್ಟದ ಅಧಿಕಾರಿಯೊಬ್ಬ ಬಂದ. ನನಗಿಂತ ಚಿಕ್ಕವನು, ಬಹಳ ಸಭ್ಯ. ಎಲ್ಲದಕ್ಕೂ ಫಾರಂ ತರುತ್ತಿದ್ದ. ಕೇಸುಗಳಿಗೆ ಪಾಲಿಶ್ ಹಾಕುವ ಅಕ್ಕ ಮೊದಲ ದಿನವೇ ಅವನಿಗೆ ‘ಟಿಕ್ ಸಾಹೇಬ್ರು’ ಎಂದು ಹೆಸರಿಟ್ಟಳು. ಅವನು ಪ್ರತಿ ಮೇಜಿಗೂ ಇಪ್ಪತ್ತೆರಡು ಸಾಮಾನಿನ ಪಟ್ಟಿ ಕೊಟ್ಟ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ರಟ್ಟಿನ ಡಬ್ಬಗಳಿಗೆ ಹೋಗಿ, ಟೇಪು ಸುತ್ತಿಸಿಕೊಂಡು, ನೆಲಮಾಳಿಗೆ ಸೇರಿತು.

“ಹಾಗಾದ್ರೆ ನನ್ನನ್ನೂ ಡಬ್ಬಕ್ಕೆ ತುಂಬಿ ಸಾಹೇಬ್ರೇ,” ಎಂದಳು ಪಾಲಿಶ್ ಅಕ್ಕ. “ಪಟ್ಟೀಲಿ ನನ್ನ ಹೆಸರೂ ಇಲ್ಲ. ಸ್ವಲ್ಪ ದೊಡ್ಡ ಡಬ್ಬ ತರಿಸಿ ಮತ್ತೆ.”

ಡಬ್ಬ ಸೇರಿದ ಸಾಮಾನಿನಲ್ಲಿ ತಾತನ ದಿಕ್ಸೂಚಿಯೂ ಇತ್ತು. ಹೆಬ್ಬೆರಳ ಉಗುರಿನಷ್ಟು ಗಾತ್ರ, ಒಳಗೊಂದು ನೀಲಿ ಮುಳ್ಳು. ಗಡಿಯಾರದ ಮೇಲೆ ಇಟ್ಟಾಗ ಮುಳ್ಳು ಮಿಸುಕಿದರೆ ಒಳಗಿನ ಉಕ್ಕಿಗೆ ಕಾಂತ ಹಿಡಿದಿದೆ ಎಂದು ಅರ್ಥ. ಕಾಂತ ಹಿಡಿದ ಸುರುಳಿಯ ಸುತ್ತುಗಳು ಒಂದಕ್ಕೊಂದು ಎಳೆದುಕೊಳ್ಳುತ್ತವೆ, ಗಡಿಯಾರ ಹುಚ್ಚೆದ್ದು ಮುಂದೆ ಓಡುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಮುಂದೆ ಓಡಿದರೆ ಮೊದಲು ದಿಕ್ಸೂಚಿ ಇಡು ಎನ್ನುವುದು ಈ ಕಸುಬಿಗೆ ಬಂದವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ.

ಅದೇ ವಾರ ಎಲ್ಲರಿಗೂ ಎದೆಗೆ ಹಾಕಿಕೊಳ್ಳುವ ಗುರುತಿನ ಬಿಲ್ಲೆ ಬಂತು. ಎರಡು ಬಗೆಯಿತ್ತು. ಒಂದಕ್ಕೆ ಹಿಂದೆ ಪಿನ್ನು. ಇನ್ನೊಂದು ಎರಡು ತುಂಡಿನದು. ಒಂದು ತುಂಡನ್ನು ಬಟ್ಟೆಯ ಹೊರಗೆ, ಇನ್ನೊಂದನ್ನು ಒಳಗೆ ಇಟ್ಟರೆ ಗಪ್ಪನೆ ಕಚ್ಚಿಕೊಳ್ಳುತ್ತಿತ್ತು. ಎಲ್ಲರೂ ಪಿನ್ನಿನದನ್ನೇ ತೆಗೆದುಕೊಂಡರು. ದೊಡ್ಡಪ್ಪನ ಬೂದು ಕೋಟು ಮಾತ್ರ ದೊಡ್ಡಮ್ಮ ಕೈಯಾರೆ ಹೊಲಿದದ್ದು. ಅದಕ್ಕೆ ತೂತು ಬೀಳುವುದು ಬೇಡ ಎಂದು ನಾನೇ ಎರಡು ತುಂಡಿನದನ್ನು ಆರಿಸಿ, ನಾನೇ ಅವರ ಎದೆಯ ಜೇಬಿಗೆ ಹಾಕಿದೆ.

“ಪಿನ್ ಎಲ್ಲಿ ಇದಕ್ಕೆ?”

“ಪಿನ್ ಬೇಡ ದೊಡ್ಡಪ್ಪ. ತಾನೇ ಹಿಡ್ಕೊಳ್ಳತ್ತೆ.”

ತಾನೇ ಹಿಡಿದುಕೊಳ್ಳುವುದು ಏನು ಎಂದು ಭೌತಶಾಸ್ತ್ರ ಓದಿದ ನನಗೆ ಆ ಕ್ಷಣ ಹೊಳೆಯಲಿಲ್ಲ. ಗಡಿಯಾರದವರ ಮೇಜು ಊಟದ ಮೇಜಿನಂತೆ ಇರುವುದಿಲ್ಲ, ಎದೆಯ ಎತ್ತರಕ್ಕೆ ಬರುತ್ತದೆ. ಕೆಲಸ ಕಣ್ಣಿಗೆ ಹತ್ತಿರವಿರಲಿ ಎಂದು ಹಾಗೆ. ದೊಡ್ಡಪ್ಪ ಮೇಜಿನ ಅಂಚಿಗೆ ಎದೆ ಒತ್ತಿ ಕೂರುತ್ತಿದ್ದರು. ಅವರ ಜೇಬಿಗೂ ಬಿಚ್ಚಿಟ್ಟ ಗಡಿಯಾರಕ್ಕೂ ನಾಲ್ಕು ಬೆರಳಿನಷ್ಟು ಅಂತರ.

ಎರಡು ವಾರ ಕಳೆಯಿತು. ಅವರ ಮೇಜಿನಿಂದ ಬಂದ ಆರು ಗಡಿಯಾರಗಳು ದಿನಕ್ಕೆ ಹದಿನಾಲ್ಕರಿಂದ ಹತ್ತೊಂಬತ್ತು ಸೆಕೆಂಡು ಮುಂದೆ ಓಡಿದವು. ನಲವತ್ತನಾಲ್ಕು ವರ್ಷದಲ್ಲಿ ಅಂಥದ್ದು ಒಂದೂ ಇರಲಿಲ್ಲ. ದೊಡ್ಡಪ್ಪ ಬಿಚ್ಚಿ ನೋಡಿದರು, ತೊಳೆದರು, ಮತ್ತೆ ಜೋಡಿಸಿದರು. ಇನ್ನೂ ಹೆಚ್ಚಾಯಿತು. ಅವರ ಚಿಮುಟ ಹಿತ್ತಾಳೆಯದು, ಅದಕ್ಕೆ ಕಾಂತ ಹಿಡಿಯುವುದಿಲ್ಲ. ಹಾಗಾಗಿ ಅದೂ ಸುಳಿವು ಕೊಡಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ಅಧಿಕಾರಿ ನನ್ನನ್ನು ಕರೆದುಕೊಂಡು ಮೂರನೇ ಕಿಟಕಿಯ ಹತ್ತಿರ ಬಂದು ನಿಂತ. ದೊಡ್ಡಪ್ಪ ನಮ್ಮನ್ನು ಗಮನಿಸಲಿಲ್ಲ. ಕೋಟಿನ ಎರಡನೇ ಗುಂಡಿ ಕಿತ್ತುಹೋಗಿ ದಾರ ಜೋತಾಡುತ್ತಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆರನೇ ಗಡಿಯಾರದ ಜೊತೆ ಮಾತಾಡುತ್ತಿದ್ದರು. “ಏನಾಗಿದೆಯಪ್ಪಾ ನಿಂಗೆ? ಯಾವ ಬಸ್ಸು ಹಿಡೀಬೇಕು ಅಂತ ಇಷ್ಟು ಅವಸರ?” ಅಷ್ಟರಲ್ಲಿ ಒಂದು ಸ್ಕ್ರೂ ಕೈತಪ್ಪಿ ನೆಲಕ್ಕೆ ಬಿತ್ತು. ಅವರು ಮೊಣಕಾಲೂರಿ ಮೇಜಿನಡಿ ಹುಡುಕತೊಡಗಿದರು.

ಅಧಿಕಾರಿ ನನ್ನ ಕಡೆ ನೋಡಿ ಸಣ್ಣಗೆ ನಕ್ಕ. ಕೆಟ್ಟ ನಗುವಲ್ಲ, ಕನಿಕರದ್ದು. ನನಗೆ ನಾಚಿಕೆಯಾಯಿತು. ಗುಂಡಿಯಿಲ್ಲದ ಕೋಟು, ಗಡಿಯಾರದ ಜೊತೆ ಮಾತು, ನೆಲದ ಮೇಲೆ ಮೊಣಕಾಲು. ನಾನೂ ನಕ್ಕೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಸುಳ್ಳು ಟಿಕ್ಕಿಗಿಂತ ಆ ನಗುವನ್ನು ನೆನೆಸಿಕೊಂಡರೆ ನನ್ನ ಕಿವಿ ಹೆಚ್ಚು ಬಿಸಿಯಾಗುತ್ತದೆ.

ಸಂಜೆ ಐದರೊಳಗೆ ವರದಿ ಹೋಗಬೇಕಿತ್ತು. ಮೂವತ್ತೊಂದು ಖಾನೆಗಳಲ್ಲಿ ಮೂವತ್ತು ತುಂಬಿದ್ದೆ. ಕೊನೆಯದು ಕಾಂತ ಪರೀಕ್ಷೆ. ಖಾಲಿ ಬಿಟ್ಟು ಮುಂದೆ ಹೋಗಲು ನೋಡಿದೆ, ಫಾರಂ ಕೆಂಪಾಯಿತು. ಅದರಲ್ಲಿ ಅಡ್ಡಗೆರೆಗೆ ಜಾಗವಿಲ್ಲ. ದಿಕ್ಸೂಚಿ ನೆಲಮಾಳಿಗೆಯಲ್ಲಿ, ಮೂರು ಡಬ್ಬಗಳಲ್ಲಿ ಯಾವುದರಲ್ಲೋ. ಗಾಜಿನ ಬಾಗಿಲಿನಾಚೆ ಅಧಿಕಾರಿ ಕೂತಿದ್ದ. ಅವನ ಎದುರಿಗೇ ಇಳಿದು ಹೋಗಿ, ಅವನೇ ಕಟ್ಟಿಸಿದ ಡಬ್ಬ ಕಿತ್ತು, ಉಗುರಿನಷ್ಟು ಗಾತ್ರದ ಆಟಿಕೆಯೊಂದನ್ನು ಹಿಡಿದುಕೊಂಡು ಮೇಲೆ ಬರಬೇಕು. ನನಗೆ ದೊಡ್ಡಪ್ಪನ ಮೊಣಕಾಲು ನೆನಪಾಯಿತು. ನಾನೂ ಹಾಗೆಯೇ ಕಾಣುತ್ತೇನೆ ಅನ್ನಿಸಿತು. ಅಲ್ಲದೆ, ಕಾರಣ ಅವರ ಕೈಯೇ ಎಂದು ನಾನು ಆಗಲೇ ತೀರ್ಮಾನ ಮಾಡಿಯಾಗಿತ್ತು. ಬುಧವಾರಕ್ಕೂ ಶುಕ್ರವಾರಕ್ಕೂ ನಡುವೆ ನಾಲ್ಕೇ ಇರಬೇಕಲ್ಲ.

ಟಿಕ್ ಹಾಕಿದೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಚಹಾ ಲೋಟ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಗಾಜಿನ ಬಾಗಿಲನ್ನು ಮೊದಲು ತಳ್ಳಿ, ಆಮೇಲೆ ಎಳೆದು, ಒಳಗೆ ಬಂದು, “ಈ ಬಾಗಿಲು ಯಾವ ಕಡೆಗೆ ಅಂತ ಅದಕ್ಕೇ ಗೊತ್ತಿಲ್ಲ,” ಎಂದರು. ನಂತರ ಕೇಳಿದರು, “ದಿಕ್ಸೂಚಿ ಇಟ್ಟು ನೋಡಿದೆಯಾ?”

“ನೋಡಿದೆ ದೊಡ್ಡಪ್ಪ.”

“ಮುಳ್ಳು ಮಿಸುಕಲಿಲ್ವಾ?”

“ಇಲ್ಲ.”

ಅವರು ಉಳಿದ ಚಹಾ ಕುಡಿದು ಮುಗಿಸಿದರು. “ನೀನು ನೋಡಿದೀಯಲ್ಲ, ಸಾಕು ಬಿಡು,” ಎಂದು ಹೊರಟುಹೋದರು. ಇನ್ನೊಬ್ಬರ ಕೈಲಿ ನೋಡಿಸೋಣ ಎನ್ನಲಿಲ್ಲ.

ವಾರದ ಮೇಲೆ ಗ್ರೂಪಿನಿಂದ ತೀರ್ಮಾನ ಬಂತು. ಭಾಗಗಳಲ್ಲಿ ದೋಷವಿಲ್ಲ, ಕಾಂತವಿಲ್ಲ, ಆದ್ದರಿಂದ ಕಾರಣ, ಕೈಕೆಲಸ. ದೊಡ್ಡಪ್ಪ ಆ ಕಾಗದವನ್ನು ಎರಡು ಸಲ ಓದಿದರು. ಎರಡೂ ಕೈ ಮುಂದೆ ಚಾಚಿ, ಮೇಲೆ ಕೆಳಗೆ ತಿರುಗಿಸಿ, “ಅರವತ್ತೆಂಟು ವರ್ಷ ಆಯ್ತಲ್ಲ ಇವಕ್ಕೆ. ಒಂದು ಮಾತು ಹೇಳಿ ಕೆಡಬೇಕಿತ್ತು,” ಎಂದರು. ಜಗಳವಾಡಲಿಲ್ಲ. ಅವರ ಉಪಕರಣಗಳನ್ನು ಕಟ್ಟಿಕೊಡುವಾಗ ಪಾಲಿಶ್ ಅಕ್ಕ ಒಬ್ಬಳೇ ಅತ್ತದ್ದು. ಮೂರನೇ ಕಿಟಕಿಯ ಹತ್ತಿರ ನೆಲಕ್ಕೆ ಬೋಲ್ಟು ಹೊಡೆದು ಜೋಡಣೆಯ ಯಂತ್ರ ನಿಲ್ಲಿಸಿದರು.

ದೊಡ್ಡಪ್ಪನನ್ನು ಮನೆಗೆ ಕಳಿಸಲಿಲ್ಲ. ಮುಖ್ಯರಸ್ತೆಯಲ್ಲಿ ಗ್ರೂಪು ತೆರೆದ ಹೊಸ ಷೋರೂಮಿನಲ್ಲಿ ಒಂದು ಗಾಜಿನ ಕೋಣೆ ಕಟ್ಟಿಸಿ ಅಲ್ಲಿ ಕೂರಿಸಿದರು. ಎದೆಗೆ ಚರ್ಮದ ಏಪ್ರನ್ನು ಕಟ್ಟಿಸಿದರು. ನಮ್ಮಲ್ಲಿ ಯಾರೂ ಎಂದೂ ಚರ್ಮ ತೊಟ್ಟವರಲ್ಲ. ಹಿಂದಿನ ಗೋಡೆಗೆ ತಾತನ ಲೋಲಕದ ಗಡಿಯಾರ ತಂದು ಹಾಕಿ, ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಲ್ಲಿಸಿದರು. ಫೋಟೋದಲ್ಲಿ ಹಾಗಿದ್ದರೆ ಚೆನ್ನಾಗಿ ಕಾಣುತ್ತದಂತೆ. ದೊಡ್ಡಪ್ಪ ಒಂದೇ ಗಡಿಯಾರವನ್ನು ನಲವತ್ತು ನಿಮಿಷಕ್ಕೊಮ್ಮೆ ಬಿಚ್ಚಿ ಜೋಡಿಸಬೇಕು. ಮೊದಲ ದಿನ ಅವರು, “ಇದು ಎಷ್ಟು ಸೆಕೆಂಡಿನೊಳಗೆ ಓಡಬೇಕು?” ಎಂದು ಕೇಳಿದರಂತೆ. ಷೋರೂಮಿನ ಹುಡುಗಿ ಹೇಳಿದಳಂತೆ, “ಓಡಲೇಬೇಕು ಅಂತೇನಿಲ್ಲ ಸರ್. ಕಾಣಿಸಿದ್ರೆ ಸಾಕು.”

ನಾನು ಆ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟೆ. ಬಸ್ಸು ಹತ್ತಲು ಒಂದು ನಿಲ್ದಾಣ ಮುಂದೆ ನಡೆಯುತ್ತಿದ್ದೆ.

ಮೇ 26, ಭಾನುವಾರ, ದೊಡ್ಡಮ್ಮ ಊಟಕ್ಕೆ ಕರೆದಿದ್ದಳು. ದೊಡ್ಡಪ್ಪ ಒಳಗೆ ಮಲಗಿದ್ದರು. ದೊಡ್ಡಮ್ಮ ಹಳೆಯ ಬೂದು ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದಳು.

“ಇನ್ನು ಯಾಕೆ ದೊಡ್ಡಮ್ಮ ಗುಂಡಿ? ಏಪ್ರನ್ ಇದೆಯಲ್ಲ.”

“ಇರಲಿ ಬಿಡೇ. ಗುಂಡಿ ಹಾಕದೆ ಎತ್ತಿಟ್ರೆ ನಂಗೆ ಸಮಾಧಾನ ಇಲ್ಲ.” ಸ್ವರ ತಗ್ಗಿಸಿ, “ನಿಮ್ಮ ದೊಡ್ಡಪ್ಪ ಈಗೀಗ ಏನು ಮಾಡ್ತಾರೆ ಗೊತ್ತಾ? ಅಂಚಿನವರೆಗೆ ನೀರು ತುಂಬಿಸಿದ ಲೋಟ ಹಿಡ್ಕೊಂಡು ನಿಂತಿರ್ತಾರೆ. ಚೆಲ್ಲತ್ತಾ ಅಂತ ನೋಡೋಕೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಚೆಲ್ಲೋದೇ ಇಲ್ಲ. ಆದ್ರೂ ನಂಬಲ್ಲ.”

ನಾನು ಅನ್ನಕ್ಕೆ ಇನ್ನಷ್ಟು ಸಾರು ಹಾಕಿಕೊಂಡೆ.

“ಅಯ್ಯೋ, ಸೂಜಿ ಎಲ್ಲಿ ಹೋಯ್ತು? ಈಗ ತಾನೇ ಇಲ್ಲಿಟ್ಟೆ. ಏಳಬೇಡ, ಚುಚ್ಚೀತು.” ಸೀರೆ ಕೊಡವಿದಳು, ಚಾಪೆ ಎತ್ತಿದಳು. ಕೋಟು ಮಡಚುವಾಗ ನಕ್ಕಳು. “ನೋಡೇ, ಎಲ್ಲಿ ಹೋಗಿ ಕೂತಿದೆ ಕಳ್ಳ!”

ಸೂಜಿ ಜೇಬಿನ ಮೇಲಿನ ಗುರುತಿನ ಬಿಲ್ಲೆಗೆ ಅಡ್ಡಡ್ಡ ಅಂಟಿಕೊಂಡಿತ್ತು. ಅದರ ಪಕ್ಕದಲ್ಲಿ, ಬರಿಗಣ್ಣಿಗೆ ಧೂಳಿನಂತೆ ಕಾಣುವ ಎರಡು ಸ್ಕ್ರೂ.

ಕಲಸಿದ ಅನ್ನವನ್ನು ತಟ್ಟೆಯಂಚಿಗೆ ಸರಿಸಿದೆ. “ಮದುವೆಗೆ ಬಂದ ಬೀಗರ ಹಾಗೆ ತಿಂತೀಯಲ್ಲೇ,” ಎಂದು ದೊಡ್ಡಮ್ಮ ರೇಗಿಸಿದಳು. ಏನೋ ನೆಪ ಹೇಳಿ ಎದ್ದುಬಂದೆ.

ಸೋಮವಾರ ನೆಲಮಾಳಿಗೆಗೆ ಇಳಿದೆ. ದಿಕ್ಸೂಚಿ ಎರಡನೇ ಡಬ್ಬದಲ್ಲಿತ್ತು. ಹುಡುಕಲು ಏಳು ನಿಮಿಷ ಹಿಡಿಯಿತು. ಮಾರ್ಚಿನಲ್ಲೂ ಅಷ್ಟೇ ಹಿಡಿಯುತ್ತಿತ್ತು. ಆರು ಗಡಿಯಾರಗಳಲ್ಲಿ ಐದನ್ನು ಗ್ರೂಪಿನ ದೊಡ್ಡ ಕಾರ್ಖಾನೆಗೆ ಒಯ್ದು ಬಿಚ್ಚಿಹಾಕಿದ್ದರು. ಆರನೆಯದು ಮಾದರಿಯೆಂದು ನನ್ನ ಡ್ರಾಯರಿನಲ್ಲೇ ಇತ್ತು. ಕೀ ಕೊಟ್ಟು ಯಂತ್ರದಲ್ಲಿ ಅಳೆದೆ: ದಿನಕ್ಕೆ ಹದಿನೇಳು ಸೆಕೆಂಡು ಮುಂದು. ದಿಕ್ಸೂಚಿ ಇಟ್ಟೆ. ಮುಳ್ಳು ಮಿಸುಕುವುದಿರಲಿ, ಕಾಲು ಸುತ್ತು ತಿರುಗಿ ನಿಂತಿತು.

ಕಾಂತ ಇಳಿಸುವುದು ಒಂದು ನಿಮಿಷದ ಕೆಲಸ. ಇಳಿಸಿ ಮತ್ತೆ ಅಳೆದರೆ ದೊಡ್ಡಪ್ಪನ ಕೈ ಹೇಗಿತ್ತು ಎನ್ನುವುದು ಅಂಕಿಯಲ್ಲಿ ಬರುತ್ತದೆ. ನಾನು ಇಳಿಸಲಿಲ್ಲ. ಡ್ರಾಯರು ಮುಚ್ಚಿದೆ. ಅಂಕಿ ಬಾರದಿದ್ದರೆ ಇನ್ನೂ ಏನೂ ಸಾಬೀತಾಗಿಲ್ಲ ಎಂದು ನಾಲ್ಕು ದಿನ ನನಗೆ ನಾನೇ ಹೇಳಿಕೊಂಡೆ. ಕಾಲೇಜಿನಲ್ಲಿ ಕಲಿತ ಎಚ್ಚರಿಕೆಯ ಮಾತುಗಳೆಲ್ಲ ಹೇಡಿತನಕ್ಕೆ ಎಷ್ಟು ಚೆನ್ನಾಗಿ ಒಗ್ಗುತ್ತವೆ ಎನ್ನುವುದು ಆಗ ತಿಳಿಯಿತು.

ಶುಕ್ರವಾರ ಅಧಿಕಾರಿಯ ಹತ್ತಿರ ಹೋದೆ. ದೊಡ್ಡಪ್ಪನಿಗಿಂತ ಮೊದಲು ಅವನಿಗೆ ಹೇಳುವುದು ಸುಲಭ ಎನ್ನುವುದೇ ಕಾರಣ. ಎಲ್ಲವನ್ನೂ ಹೇಳಿದೆ. ಅವನು ಕೊನೆಯವರೆಗೆ ಕೇಳಿಸಿಕೊಂಡ.

“ಮೇಡಂ, ಆ ವರದಿ ಮುಚ್ಚಿಹೋಗಿದೆ. ತೆರೆಯೋಕೆ ಬರಲ್ಲ. ನೀವು ಬೇಕಿದ್ರೆ ಪತ್ರ ಕೊಡಿ, ಮೇಲಕ್ಕೆ ಕಳಿಸ್ತೀನಿ. ಮೊದಲು ನಿಮ್ಮ ಕುರ್ಚಿಗೇ ಬರತ್ತೆ ಅದು.”

“ಬರಲಿ. ದೊಡ್ಡಪ್ಪನ ಮೇಜು?”

“ಅಲ್ಲಿ ಯಂತ್ರ ಕೂತಿದೆಯಲ್ಲ ಮೇಡಂ.” ಸ್ವಲ್ಪ ತಡೆದು, ಅದೇ ಸಭ್ಯ ದನಿಯಲ್ಲಿ, “ಅವರಿಗೂ ಅಲ್ಲಿ ಆರಾಮ ಅಲ್ವಾ? ಜನ ಇಷ್ಟಪಡ್ತಾರೆ. ಅವರ ಫೋಟೋ ವಿಮಾನ ನಿಲ್ದಾಣದಲ್ಲೂ ಹಾಕ್ತಿದೀವಿ,” ಎಂದ.

ಪತ್ರ ಬರೆದು ಅವನ ಕೈಗೆ ಕೊಟ್ಟೆ. ಆ ಮೇಜು ಇನ್ನು ಮರಳಿ ಬರುವುದಿಲ್ಲ ಎಂದು ಅಲ್ಲಿಯೇ ಖಚಿತವಾಯಿತು. ದೊಡ್ಡಪ್ಪನಿಗೆ ಹಿಂದಿರುಗಿಸಲು ನನ್ನ ಬಳಿ ಉಳಿದದ್ದು ಒಂದೇ, ಅವರ ಕೈಗಳು.

ಜೂನ್ 1, ಶನಿವಾರ, ಬೆಳಿಗ್ಗೆ ಎಂಟಕ್ಕೆ ಅವರ ಮನೆಗೆ ಹೋದೆ. ರಿಜಿಸ್ಟರಿನಲ್ಲಿ ಸಹಿ ಮಾಡಿ ಆರನೇ ಗಡಿಯಾರ ತಂದಿದ್ದೆ. ಡಬ್ಬದಿಂದ ದಿಕ್ಸೂಚಿ ತಂದಿದ್ದೆ, ಕಾಂತ ಇಳಿಸುವ ತಾತನ ತಂತಿ ಸುರುಳಿಯ ಪೆಟ್ಟಿಗೆ ತಂದಿದ್ದೆ, ಪುಸ್ತಕವನ್ನೂ ತಂದಿದ್ದೆ. ದೊಡ್ಡಪ್ಪ ಷೋರೂಮಿಗೆ ಹೊರಡಲು ಷೂ ಹಾಕಿಕೊಳ್ಳುತ್ತಿದ್ದರು.

“ಏನೇ ಸೈಂಟಿಸ್ಟೇ, ದಾರಿ ತಪ್ಪಿ ಬಂದೆಯಾ?”

ನಿಂತುಕೊಂಡೇ ಹೇಳಿದೆ. ಬಿಲ್ಲೆ ಹಾಕಿದ್ದು, ಡಬ್ಬ ತೆಗೆಯದೇ ಇದ್ದದ್ದು, ಟಿಕ್ ಹಾಕಿದ್ದು, ಮರುದಿನ ಅವರ ಮುಖ ನೋಡಿಯೇ ‘ನೋಡಿದೆ’ ಎಂದದ್ದು. ನಕ್ಕದ್ದನ್ನೂ ಹೇಳಿದೆ. ಅವರು ಒಂದು ಷೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದರು. ದೊಡ್ಡಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

“ಕಾಂತ ಇಳಿಸಿದೆಯಾ?” ಎಂದರು ಕೊನೆಗೆ.

“ಇಲ್ಲ.”

“ಮತ್ತೆ ಎಷ್ಟು ಬಂತು ಅಂತ ಗೊತ್ತಿಲ್ಲ.”

“ಇಲ್ಲ.”

“ಒಂದು ಗೆರೆ ಎಳೆದಿದ್ರೆ ಆಗ್ತಿತ್ತಲ್ಲೇ.”

“ಫಾರಂ ಬಿಡಲಿಲ್ಲ ದೊಡ್ಡಪ್ಪ.”

“ಫಾರಂ ಬಿಡಲಿಲ್ಲ. ಸರಿ.” ಷೂವನ್ನು ನೆಲಕ್ಕಿಟ್ಟರು. “ನಾನು ಕೇಳಿದೆನಲ್ಲ, ಲೋಟ ಹಿಡ್ಕೊಂಡು ಬಂದು? ನಾನೂ ಬಿಡಲಿಲ್ವಾ?”

ನಾನು ಗಡಿಯಾರವನ್ನೂ ಪೆಟ್ಟಿಗೆಯನ್ನೂ ಅವರ ಮುಂದಿನ ಮೇಜಿನ ಮೇಲಿಟ್ಟೆ.

ಅವರು ಹಾಕಿದ್ದ ಷೂ ಬಿಚ್ಚಿದರು. ಪೆಟ್ಟಿಗೆಯ ವೈರನ್ನು ಗೋಡೆಗೆ ಸಿಕ್ಕಿಸಿ, ಗುಂಡಿ ಒತ್ತಿಹಿಡಿದು, ಗಡಿಯಾರವನ್ನು ತಂತಿ ಸುರುಳಿಯೊಳಗಿಂದ ನಿಧಾನವಾಗಿ ಒಂದು ತೋಳಿನಷ್ಟು ದೂರ ನೇರ ಎಳೆದುಕೊಂಡರು. ಆ ಕೈಯನ್ನೇ ನೋಡುತ್ತಿದ್ದೆ. ಎಲ್ಲಿಯೂ ನಡುಕವಿರಲಿಲ್ಲ. ದಿಕ್ಸೂಚಿಯನ್ನು ಮೇಲಿಟ್ಟರು. ಮುಳ್ಳು ಅಲ್ಲಾಡಲಿಲ್ಲ.

“ಷೋರೂಮಿಗೆ ಫೋನ್ ಮಾಡಿ ಇವತ್ತು ಬರಲ್ಲ ಅಂತ ಹೇಳು,” ಎಂದರು ದೊಡ್ಡಮ್ಮನಿಗೆ.

“ನಾಳೆ ಬರ್ತಾರಾ ಅಂತ ಕೇಳಿದ್ರೆ?”

“ನಾಳೆ ಬೆಳಿಗ್ಗೆ ಗೊತ್ತಾಗತ್ತೆ. ನಾಲ್ಕರೊಳಗೆ ಬಂದ್ರೆ ಕೈ ಸರಿಯಿದೆ. ಆ ಗಾಜಿನ ಪೆಟ್ಟಿಗೇಲಿ ನಾನು ಇನ್ನು ಕೂರಲ್ಲ. ಇಲ್ಲಾಂದ್ರೆ ಅಲ್ಲೇ ಇರ್ತೀನಿ, ಏಪ್ರನ್ ಕಟ್ಕೊಂಡು.”

ದೊಡ್ಡಮ್ಮನ ರೇಡಿಯೋದಲ್ಲಿ ಒಂಬತ್ತು ಗಂಟೆಗೆ ಸಮಯದ ಸದ್ದು ಬರುತ್ತದೆ. ಕೊನೆಯ ಸದ್ದಿಗೆ ಸರಿಯಾಗಿ ಗಡಿಯಾರ ಹೊರಡಿಸಿ, ಮುಖ ಮೇಲೆ ಮಾಡಿ, ಮರದ ಮೇಜಿನ ಮೇಲಿಟ್ಟರು. ಮೇಲೆ ಒಂದು ಗಾಜಿನ ಬಟ್ಟಲು ಕವುಚಿದರು. ನನಗೆ ಕೂತು ಹೋಗು ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹೋದೆ.

ಭಾನುವಾರ ಒಂಬತ್ತಕ್ಕೆ ಐದು ನಿಮಿಷವಿರುವಾಗ ಮತ್ತೆ ಬಂದೆ. ಪುಸ್ತಕ ತೆರೆದು, ಮಾರ್ಚ್ 12ರ ಸಾಲಿನಲ್ಲಿ ಖಾಲಿ ಬಿಟ್ಟಿದ್ದ ಕಾಂತ ಪರೀಕ್ಷೆಯ ಖಾನೆಗೆ ಅಡ್ಡಗೆರೆ ಎಳೆದೆ. ಎಂಬತ್ತೆರಡು ದಿನ ತಡವಾಗಿತ್ತು. ದೊಡ್ಡಪ್ಪ ಅದನ್ನು ನೋಡಿದರು. ಬಟ್ಟಲು ಎತ್ತಿದರು. ನಾನು ಅಭ್ಯಾಸದಂತೆ ಮುಂದೆ ಬಗ್ಗಿದೆ.

“ನೀನು ಬೇಡ,” ಎಂದರು ದೊಡ್ಡಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. “ಇವಳು ನೋಡ್ತಾಳೆ. ಆಮೇಲೆ ನಾನು.”

“ನಾನಾ?” ದೊಡ್ಡಮ್ಮ ಗಾಬರಿಯಾದಳು. “ನಂಗೇನು ಗೊತ್ತಾಗತ್ತೆ ಅದರಲ್ಲಿ? ನಲವತ್ತು ವರ್ಷದಿಂದ ಒಂದು ದಿನ ಮುಟ್ಟೋಕೂ ಬಿಟ್ಟಿಲ್ಲ ನೀವು.”

“ಸೆಕೆಂಡಿನ ಮುಳ್ಳು ಎಲ್ಲಿದೆ ಅಂತ ನೋಡೋದು ಅಷ್ಟೇ. ಕೊನೇ ಸದ್ದು ಬಂದಾಗ. ನಂಗೆ ಹೇಳಬೇಡ, ಮನಸ್ಸಲ್ಲಿಟ್ಕೋ.”

ದೊಡ್ಡಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಗಡಿಯಾರದ ಮೇಲೆ ಬಗ್ಗಿದಳು. ಪಕ್ಕದಲ್ಲಿ ದೊಡ್ಡಪ್ಪ ಬಗ್ಗಿದರು. ನಾನು ಗೋಡೆಗೆ ಒರಗಿ ಪೆನ್ನು ಹಿಡಿದು ನಿಂತೆ. ಸದ್ದು ಬಂತು, ಒಂದೊಂದಾಗಿ, ಕೊನೆಯದು ಉದ್ದವಾಗಿ.

ಇಬ್ಬರೂ ತಲೆಯೆತ್ತಿದರು. “ನೀನು ಹೇಳು,” ಎಂದರು ದೊಡ್ಡಪ್ಪ. ದೊಡ್ಡಮ್ಮ ಹೇಳಿದಳು. ದೊಡ್ಡಪ್ಪ ತಲೆಯಾಡಿಸಿ, ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು ಕೂತರು. ನನ್ನ ಕಡೆ ನೋಡದೆ, “ಬರಿ,” ಎಂದರು.

ಬರೆದೆ: ಇಪ್ಪತ್ತನಾಲ್ಕು ಗಂಟೆಯಲ್ಲಿ ಎರಡು ಸೆಕೆಂಡು ಮುಂದು.